ಐದನೇ ಭಾಗದ ಪೆನ್ಸಿಲ್ ಗೆರೆಗಳು

ಗುಬ್ಬೀ,

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ಒಣಗಿದ ಬಟ್ಟೆ ಒಳಗೆ ತಾ. ಲಾಂಡ್ರಿಯಲ್ಲಿ ಇವತ್ತು ಎರಡು ಪಾಳಿ, ಬರುವುದು ತಡ.

ನಿನ್ನ ಅಕ್ಕ ಗೆರೆ ಎಳೆದ ಸಾಲುಗಳಿಗಾಗಿಯೇ ಆ ಕಿನ್ನರರ ಪ್ರೇಮಕಥೆಯನ್ನು ನಾಲ್ಕು ಭಾಗ ಓದಿದೆ. ನಿನ್ನೆ ಐದನೆಯದನ್ನು ತೆರೆದರೆ ಅದರಲ್ಲೂ ಅದೇ ಪೆನ್ಸಿಲ್ ಗೆರೆ! ಈ ಭಾಗ ಅಚ್ಚಾಗಿ ಬಂದದ್ದೇ ಅವಳು ತೀರಿಕೊಂಡ ಮೇಲೆ. "ಯಾವಾಗ ಬಂದ್ಯೇ?" ಎಂದು ಖಾಲಿ ಕೋಣೆಯನ್ನು ಕೇಳಿಬಿಟ್ಟೆ.

ಬೆಳಿಗ್ಗೆ ಹಾಸಿಗೆ ಮಡಚುವಾಗ ನಿನ್ನ ದಿಂಬಿನಡಿ ಅವಳ ಪೆನ್ಸಿಲ್ ಸಿಕ್ಕಿತು. ಬೈಯುತ್ತಿಲ್ಲ ಕಣೇ. ನಾನು ಓದುವುದನ್ನು ನಿಲ್ಲಿಸಬಾರದೆಂದು ನೀನೇ ಗೆರೆ ಎಳೆದೆ, ಗೊತ್ತು. ಆರನೆಯದರಲ್ಲಿ ನಿನಗೆ ಹಿಡಿಸಿದ ಸಾಲಿಗೆ ಗೆರೆ ಎಳೆ, ಅದನ್ನೂ ಓದುತ್ತೇನೆ. ಐದನೆಯದರಲ್ಲಿರುವುದನ್ನು ಮಾತ್ರ ಅಳಿಸಬೇಡ. ಅದನ್ನು ಓದಿದಷ್ಟು ಹೊತ್ತು ಅವಳು ಮನೆಯಲ್ಲೇ ಇದ್ದಳು.

ಅಮ್ಮ