ಟವಲಿನ ಕೆಳಗಿನ ಕೈ

ಅಪ್ಪಾ,

ಓದಲು ನೀನಿಲ್ಲ, ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಇವತ್ತು ರಾಯದುರ್ಗದ ಜ್ಯೂಸ್ ಅಂಗಡಿಯಲ್ಲಿ ತಿಪ್ಪೇಶನ ಎದುರು ಕೂತಿದ್ದೆ. ಎರಡು ವರ್ಷದಿಂದ ಬಸ್ಸಿನಲ್ಲಿ ನನ್ನ ದುಪಟ್ಟಾದ ಕೆಳಗೆ ಕೈ ಹಿಡಿದು ಕೂರುತ್ತಿದ್ದವನು ಅವನು. ನಾನು ಮದುವೆಯ ಮಾತು ತೆಗೆದರೆ, ಅವನ ಹೆಬ್ಬೆರಳು ಫೋನಿನ ಡೇಟಿಂಗ್ ಆ್ಯಪಿನಲ್ಲಿ ಒಬ್ಬೊಬ್ಬಳೇ ಹುಡುಗಿಯ ಫೋಟೊ ಸರಿಸುತ್ತಿತ್ತು. ಮುಚ್ಚಿಡುವಷ್ಟು ನಾಚಿಕೆಯೂ ಅವನಿಗಿರಲಿಲ್ಲ.

“ನಾ ಯಾವತ್ತರ ಬಾಯಿಬಿಟ್ಟು ಮಾತು ಕೊಟ್ಟೀನೇನು? ಡೇಟಿಂಗ್ ಅಂದ್ರ ಇಷ್ಟೇ. ಇನ್ನೂ ಚಲೋ ಹುಡುಗಿ ಸಿಗಬೌದು, ನೋಡಬ್ಯಾಡೇನು?” ಅಂದ.

ಜ್ಯೂಸ್ ಅಲ್ಲೇ ಬಿಟ್ಟು ಎದ್ದು ಬಂದೆ.

ಕುರಿ ಸಂತೆಯಲ್ಲಿ ನೀನೂ ಬಾಯಿ ಬಿಡುತ್ತಿರಲಿಲ್ಲ. ಟವಲಿನ ಕೆಳಗೆ ವ್ಯಾಪಾರಿಯ ಬೆರಳು ಹಿಡಿದು, ಹಿಡಿದ ಬೆರಳಿನ ಲೆಕ್ಕದಲ್ಲೇ ರೇಟು ಮುಗಿಸುತ್ತಿದ್ದೆ. ಯಾರಿಗೂ ಕಾಣುತ್ತಿರಲಿಲ್ಲ, ಸಾಕ್ಷಿಯೂ ಇರುತ್ತಿರಲಿಲ್ಲ. ಆಮೇಲೆ ಇನ್ನೊಬ್ಬ ಬಂದು ಹೆಚ್ಚಿಗೆ ಕೊಡುತ್ತೇನೆಂದರೂ, “ಬೆರಳು ಹಿಡದಾಗೈತ್ರಿ, ಹೋಗ್ರಿ” ಎಂದು ಕಳಿಸಿಬಿಡುತ್ತಿದ್ದೆ. ಅದೂ ಒಂದು ಕುರಿಯ ವಿಷಯಕ್ಕೆ!

ಮನೆಗೆ ಬಂದು, ತಿಪ್ಪೇಶ ಹಿಡಿಯುತ್ತಿದ್ದ ಕೈಯನ್ನು ಸೋಪು ಹಚ್ಚಿ ಹಚ್ಚಿ ತೊಳೆದೆ. ನಿನ್ನ ಟವಲು ಇನ್ನೂ ಗೂಟದಲ್ಲೇ ಇದೆ. ಒರೆಸಿಕೊಳ್ಳಲು ಅದಕ್ಕೆ ಕೈ ಚಾಚಿದವಳು, ಮುಟ್ಟದೆ ಹಿಂದಕ್ಕೆಳೆದುಕೊಂಡೆ.