ನುಂಗಿಕೊಂಡ ‘ಬೇಡ’

ಭಾನುವಾರ, ಮಧ್ಯಾಹ್ನ

ಶ್ರೀಮನ್ಮಹಾರಾಣಿಯವರೂ, ಐದನೇ ಅಂಕದಲ್ಲಿ ತಪ್ಪದೆ ಸತ್ತು, ಪರದೆ ಬಿದ್ದ ಕೂಡಲೇ ಎದ್ದು ‘ಟೀ ಎಲ್ಲೋ?’ ಎಂದು ಗರ್ಜಿಸುವವರೂ, ನನ್ನ ಕಿವಿ ಹಿಂಡುವ ಏಕೈಕ ಹಕ್ಕುದಾರರೂ ಆದ ಅಕ್ಕನವರ ಪಾದಾರವಿಂದಗಳಿಗೆ ತಮ್ಮನ ಸಾಷ್ಟಾಂಗ.

ತಡವಾಯಿತು, ಬೈಯಬೇಡ. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಸಿಟ್ಟು ಈಗಲೂ ಇಳಿದಿಲ್ಲ, ಅಕ್ಷರ ಮಾತ್ರ ನೆಟ್ಟಗಾಗಿದೆ.

ಮರೆವು ಬಂತೆಂದು ನಾಟಕವನ್ನೇ ಬಿಟ್ಟು ಕೂತಿದ್ದೀಯಂತೆ, ಭಾವ ಹೇಳಿದರು. ನಿನಗೆ ಯಾವ ಮರೆವೂ ಇಲ್ಲ. ಪ್ರತಿ ಪದ್ಯದ ಮೊದಲ ಪದವನ್ನು ನಾನು ಸೈಡ್‌ವಿಂಗ್‌ನಿಂದ ಪಿಸುಗುಟ್ಟಿದರೆ ಉಳಿದದ್ದು ನಿನ್ನ ಬಾಯಲ್ಲಿ ತಾನೇ ಹರಿಯುತ್ತದೆ. ನಮ್ಮಿಬ್ಬರ ಪದ್ಧತಿಯೇ ಅದು. ಅವತ್ತಿನ ಪ್ರದರ್ಶನದಲ್ಲಿ, ಮಗನನ್ನು ಗಲ್ಲಿಗೇರಿಸುವ ಆಜ್ಞೆಗೆ ಮುದ್ರೆಯುಂಗುರ ಕೊಡುವಿರಾ ಎಂದು ಮಂತ್ರಿ ರಾಣಿಯನ್ನು ಕೇಳಿದಾಗ, ನಾನು ‘ಬೇಡ’ ಎಂಬ ಮೊದಲ ಪದವನ್ನು ನಿನಗೆ ಎತ್ತಿಕೊಡಬೇಕಿತ್ತು. ಕೊಡಲಿಲ್ಲ. ಬೇಕೆಂದೇ.

ಹಾಗೆ ಮಾಡಲು ನನ್ನನ್ನು ಎತ್ತಿಕಟ್ಟಿದವರು ನಿರ್ದೇಶಕರು. ಆ ಮಂತ್ರಿ ‘ಕೊಲ್ಲು’ ಎಂದು ನಾಟಕದುದ್ದಕ್ಕೂ ಒಮ್ಮೆಯೂ ಹೇಳುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾನಲ್ಲ, ಈ ಮಹಾನುಭಾವರೂ ಹಾಗೇ. ಹೆಗಲ ಮೇಲೆ ಕೈ ಹಾಕಿ, “ನಿಮ್ಮಕ್ಕ ಚೆನ್ನಾಗೇ ಮಾಡ್ತಾಳಪ್ಪ. ಆದ್ರೆ ಆ ಜಾಗದಲ್ಲಿ ಅವಳಿಗೆ ಮಾತೇ ಸಿಗದಿದ್ರೆ ಹೇಗಿರುತ್ತೆ? ನಿನ್ನಂಥ ಸೂಕ್ಷ್ಮ ಇರೋನಿಗೆ ಅರ್ಥ ಆಗುತ್ತೆ” ಎಂದರು. ಸೂಕ್ಷ್ಮವಂತೆ! ಇಡೀ ತಂಡದಲ್ಲಿ ನನ್ನನ್ನು ಕೋತಿ ಎನ್ನದವರು ಅವರೊಬ್ಬರೇ. ಉಬ್ಬಿಹೋದೆ.

ನೀನು ಕಲ್ಲಾಗಿ ನಿಂತೆ. ಮಂತ್ರಿ ಪಾತ್ರಧಾರಿ ಗಾಬರಿಯಾಗಿ ನಿನ್ನ ಬೆರಳಿಂದ ಉಂಗುರವನ್ನು ತಾನೇ ಎಳೆದುಕೊಂಡ. ಜನ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ನೀನು ಬಣ್ಣದ ಕೋಣೆಯಲ್ಲಿ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಾಗ, ಅದೇ ನಿರ್ದೇಶಕರು ಬಂದು “ವಯಸ್ಸಾಗ್ತಾ ಹೀಗಾಗುತ್ತಮ್ಮ” ಎಂದು ಸಮಾಧಾನ ಮಾಡಿದರಲ್ಲ, ಆಗ ಅವರ ಗಂಟಲು ಹಿಡಿಯಬೇಕಿತ್ತು.

ನಿನ್ನೆ ಅವರ ಬಳಿ ಹೋಗಿ, ಅಕ್ಕನಿಗೆ ನಿಜ ಹೇಳಿ ಎಂದೆ. “ನಾನು ಮಾಡು ಅಂದ್ನಾ? ಕೇಳ್ದೆ ಅಷ್ಟೆ” ಎಂದು ನಕ್ಕರು. ಬರುವಾಗ ಅವರ ಕುರ್ಚಿಗೆ ಗೋಂದು ಬಳಿದು ಬಂದೆ. ಹೊಟ್ಟೆಯುರಿ ಅದರಿಂದ ಆರುತ್ತದೆಯೇ?

ನಿನ್ನ ಪಾತ್ರ ಇನ್ನೂ ಯಾರಿಗೂ ಹೋಗಿಲ್ಲ. ಶುಕ್ರವಾರ ತಾಲೀಮಿಗೆ ಬಾ, ಎಲ್ಲರೆದುರು ಅವರನ್ನು ಕೇಳು. ನಾನು ಪಕ್ಕದಲ್ಲೇ ನಿಂತು ಸಾಕ್ಷಿ ಹೇಳುತ್ತೇನೆ. ಭಾವನಿಗೆ ನಮಸ್ಕಾರ. ಪುಟ್ಟಿಗೆ ಈ ಮಾವನ ಘನಗಂಭೀರ ಆಶೀರ್ವಾದ.

ಇತಿ,
ನಿನ್ನ ತಮ್ಮ

ತಾ.ಕ.: ಅವತ್ತು ರಂಗದ ಮೇಲೆ ಪದಕ್ಕಾಗಿ ನೀನು ನನ್ನ ಕಡೆ ತಿರುಗಿದ್ದು ಕಂಡಿತು. ಆ ಹೊತ್ತಿಗೆ ನಿರ್ದೇಶಕರ ಮಾತು ನನಗೆ ಮರೆತೇಹೋಗಿತ್ತು, ಪದ ತುಟಿಗೂ ಬಂದಿತ್ತು. ಆದರೆ ನಿನ್ನನ್ನು ಅಷ್ಟು ಚೆಂದವಾಗಿ ನಾನು ಎಂದೂ ನೋಡಿರಲಿಲ್ಲ ಅಕ್ಕ. ಇನ್ನೊಂದು ಸ್ವಲ್ಪ ನೋಡೋಣ ಅನ್ನಿಸಿತು.