ಜೇನುಗಾರ ಟೈಲರಿಗೆ

ರೀ,

ಈ ಮೂಲಕ ಸಕಲರಿಗೂ ಘೋಷಿಸುವುದೇನೆಂದರೆ, ಮಧ್ಯಾಹ್ನಕ್ಕೆ ನಿನ್ನೆಯ ಸಾರೇ ಗತಿ. ಬಿಸಿ ಮಾಡ್ಕೊಳ್ಳಿ.

ನಿಮ್ಮ ಸಾಕ್ಷ್ಯಚಿತ್ರ ಟೀವೀಲಿ ನೋಡ್ದೆ. ಅದು ಸಾಕ್ಷ್ಯಚಿತ್ರ ಅಲ್ಲ, ಸಾಕಪ್ಪಾ ಚಿತ್ರ! ಸೀತೂರಿನ ಕೊನೇ ಜೇನುಗಾರ ಅಂತೆ ನೀವು. ಸೂಜಿ ಚುಚ್ಚಿದ್ರೇ ಕಿರುಚೋ ಟೈಲರ್ರು! ಕೈಲಿ ಅಂಗಡಿ ಜೇನು, ಮೈಮೇಲೆ ಸೋಮನಾಥಣ್ಣನ ಕಂಬಳಿ. ನಿಜವಾಗಿ ಜೇನು ಕೀಳೋ ಆ ಮನುಷ್ಯ ನಿಮಗೆ ಕೊಡೆ ಹಿಡ್ಕೊಂಡು ನಿಂತಿದ್ದಾನಲ್ರೀ, ಥೂ! ಇವತ್ತೇ ಕಂಬಳಿ ಕೊಟ್ಟು, ತಪ್ಪಾಯ್ತು ಅಂತ ಹೇಳಿ ಬನ್ನಿ.

ಇವತ್ತು ಕೊಪ್ಪದ ಚಿತ್ರೋತ್ಸವದಲ್ಲೂ ಅದನ್ನೇ ತೋರಿಸ್ತಾರಂತೆ, ನಿಮಗೆ ಬಂದಿದ್ದ ಪಾಸು ತಗೊಂಡು ನಾನು ಹೊರಟೆ. ಸಿನಿಮಾ ಮುಗಿದು ಪ್ರಶ್ನೆ ಕೇಳೋ ಹೊತ್ತಿಗೆ ಎದ್ದು ನಿಂತು, ಎಲ್ಲರೆದುರು ಸತ್ಯ ಹೇಳ್ತೀನಿ.

ಅಯ್ಯೋ, ಪಾಸಿನ ಹಿಂದೆ ಈಗ ಓದಿದೆ: ‘ನಟರ ಮನೆಯವರು ಪ್ರಶ್ನೆ ಕೇಳುವಂತಿಲ್ಲ.’ ಸಾಕ್ಷ್ಯಚಿತ್ರಕ್ಕೂ ನಟರಂತೆ! ಅವರೇ ಒಪ್ಕೊಂಡಿದ್ದಾರೆ. ಎದ್ದು ಕೇಳೋಣ ಅಂದ್ರೆ, ನಾನು ನಿಮ್ಮ ಹೆಂಡ್ತಿ.

ದಾಕ್ಷಾಯಿಣಿ